ಊರು ಬಿಡದ ವಲಸಿಗರು: ಗಡಿನಾಡಿನ ಹದಿಹರೆಯದ ಕಾದಂಬರಿಯನ್ನು ಬರೆಯುವ ಬಗೆ

ಕಾಸರಗೋಡಿನ ಕನ್ನಡಿಗರ ಬದುಕನ್ನು ಹದಿಹರೆಯದ ಓದುಗರಿಗಾಗಿ ಕಾದಂಬರಿಯಾಗಿಸಲು ಹೊರಟವರು, ತಮ್ಮ ನಾಯಕಿ ವಲಸೆ ಹೋದವಳೋ ಅಥವಾ ಕುಳಿತಲ್ಲಿಯೇ ಪರವೂರಿನವಳಾದವಳೋ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಮನೆ, ಬಾವಿ, ಅಡಕೆ ತೋಟಗಳು ಇದ್ದಲ್ಲೇ ಇದ್ದು, ಸರಕಾರದ ಭಾಷೆ ಬೇರೆಯಾಯಿತು. ನನ್ನ ಸಲಹೆಯೆಂದರೆ ಎರಡನ್ನೂ ಒಬ್ಬಳಲ್ಲೇ ಕೂಡಿಸುವುದು. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದವಳನ್ನು ಸುಮಾರು 50 ಕಿಲೋಮೀಟರ್ ದೂರದ ಮಂಗಳೂರಿನ ಕಾಲೇಜಿಗೆ ಕಳುಹಿಸಿ ನೋಡಿ. ಊರಿನಲ್ಲಿ ಕನ್ನಡದವಳೆನಿಸಿಕೊಂಡಿದ್ದವಳು, ಪಿಯುಸಿ ಎನ್ನಬೇಕಾದಲ್ಲಿ ಬಾಯ್ತಪ್ಪಿ ‘ಪ್ಲಸ್ ವನ್’ ಎಂದ ಗಳಿಗೆಯಲ್ಲಿ ಅಲ್ಲಿ ಕೇರಳದವಳಾಗಿಬಿಡುತ್ತಾಳೆ.

ಅನಂತರ ಒಂದು ಹಾಳೆಯಲ್ಲಿ ಅವಳು ಯಾರೊಡನೆ ಯಾವ ಭಾಷೆ ಆಡುತ್ತಾಳೆಂದು ಬರೆದಿಟ್ಟುಕೊಳ್ಳಿ: ಅಜ್ಜಿಯೊಡನೆ ತುಳು, ಶಾಲೆಯಲ್ಲಿ ಕನ್ನಡ, ಪಕ್ಕದ ಮನೆಯ ಗೆಳತಿಯೊಡನೆ ಬ್ಯಾರಿ, ವಿಲೇಜ್ ಆಫೀಸಿನಲ್ಲಿ ಮಲಯಾಳ. ಈ ಪಟ್ಟಿ ತಪ್ಪುವ ಕಡೆ ಕಥೆ ಹುಟ್ಟುತ್ತದೆ. ಕನ್ನಡವನ್ನಷ್ಟೇ ಓದಬಲ್ಲ ತಾಯಿ ಮಲಯಾಳದ ಅರ್ಜಿಯನ್ನು ಮಗಳ ಕೈಗಿಡುತ್ತಾಳೆ. ಮಗಳು ಸಾಲಿನಲ್ಲಿ ನಿಂತವರೆಲ್ಲರಿಗೂ ಕೇಳಿಸುವಂತೆ ವಾರ್ಷಿಕ ಆದಾಯದ ಕಾಲಮನ್ನು ಓದಿ ಹೇಳುತ್ತಾಳೆ. ತಾಯಿ ಉತ್ತರಿಸದೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾಳೆ. ಮನೆಗೆ ಮಕ್ಕಳೇ ದುಭಾಷಿಗಳಾಗುವುದು ಜಗತ್ತಿನ ಹಲವು ವಲಸೆ ಕುಟುಂಬಗಳಲ್ಲಿ ಕಾಣುವ ಸಂಗತಿ. ನಮ್ಮಲ್ಲಿ ಅದು ತಲೆತಲಾಂತರದಿಂದ ಬಾಳಿದ ಊರಿನಲ್ಲಿಯೇ ನಡೆಯುತ್ತದೆಂಬ ವಿಚಿತ್ರವನ್ನು ಓದುಗರು ತಾವಾಗಿಯೇ ಕಂಡುಕೊಳ್ಳಲಿ, ನೀವು ವಿವರಿಸಲು ಹೋಗಬೇಡಿ.

ಪರಭಾಷೆಯ ಮಾತಿಗೆ ಆವರಣದಲ್ಲಿ ಅರ್ಥ ಕೊಡುವ ಅಭ್ಯಾಸವನ್ನೂ ಬಿಡಬೇಕು. ‘ಎವಿಡೆಯಾ?’ ಎಂದು ಕಂಡಕ್ಟರ್ ಕೇಳಲಿ, ಹುಡುಗಿ ‘ಮಂಜೇಶ್ವರ’ ಎನ್ನಲಿ, ಅವನು ‘ಮಂಜೇಶ್ವರಂ’ ಎಂದು ತಿದ್ದಿ ಟಿಕೆಟ್ ಕೊಡಲಿ. ಅರ್ಥವೂ ಆಯಿತು, ಚುಚ್ಚಿದ್ದೂ ಆಯಿತು. ಹಾಗೆಂದು ಕಂಡಕ್ಟರನನ್ನು ಖಳನಾಗಿಸಬೇಡಿ. ತನ್ನ ಭಾಷೆಯಲ್ಲಿ ಊರಿನ ಹೆಸರು ಹೇಗಿದೆಯೋ ಹಾಗೆ ಅವನು ಹೇಳಿದ್ದಾನೆ.

ಚರಿತ್ರೆಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ (ಆಗಿನ ಮೈಸೂರು ರಾಜ್ಯಕ್ಕೆ) ಸೇರಬೇಕೆಂದು ಗಡಿ ವಿವಾದವನ್ನು ಪರಿಶೀಲಿಸಿದ ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿತು, ಅದು ಜಾರಿಗೆ ಬರಲಿಲ್ಲ. ನನ್ನ ಮೊದಲ ಕರಡಿನಲ್ಲಿ ಇದಕ್ಕೇ ಆರು ಪುಟ ಮೀಸಲಾಗಿತ್ತು. ಓದಿದ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಆ ಆರನ್ನೂ ಮಗುಚಿ ಮುಂದೆ ಹೋದ. 1956ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಆ ನೋವು ಅಜ್ಜನದು, ಅದನ್ನು ಮೊಮ್ಮಗಳ ಬಾಯಲ್ಲಿ ಹೇಳಿಸಿದರೆ ಕೃತಕವಾಗುತ್ತದೆ. ಅವಳಿಗೆ ಅವಳದೇ ಗಡಿಯ ನೆನಪು ಇರುತ್ತದೆ: 2020ರ ಮಾರ್ಚ್‌ನಲ್ಲಿ, ಕೊರೊನಾ ಲಾಕ್‌ಡೌನಿನ ಹೊತ್ತಿನಲ್ಲಿ, ಗಡಿಯ ರಸ್ತೆಗಳಿಗೆ ಮಣ್ಣು ಸುರಿದು, ಮಂಗಳೂರಿನ ಆಸ್ಪತ್ರೆಗಳಿಗೆ ಹೊರಟವರು ತಲಪಾಡಿಯಲ್ಲಿ ತಡೆಯಲ್ಪಟ್ಟ ದಿನಗಳು. ಆ ಸಲ ದಾರಿ ಮುಚ್ಚಿದ್ದು ಕರ್ನಾಟಕ. ಕನ್ನಡವೇ ತನ್ನ ನಾಡೆಂದು ಕಲಿತ ಹುಡುಗಿ ಇದನ್ನು ಅಜ್ಜನಿಗೆ ಹೇಗೆ ಹೇಳುತ್ತಾಳೆಂಬ ಅಧ್ಯಾಯವನ್ನು ನಿಧಾನವಾಗಿ ಬರೆಯಿರಿ, ಅಜ್ಜನಿಗೆ ಸುಲಭದ ಉತ್ತರವೊಂದನ್ನೂ ಕೊಡಬೇಡಿ.