ಪ್ರೊಸೆಸರ್ ಉಜ್ಜಿ ಹನ್ನೆರಡು ಡಿಗ್ರಿ ಇಳಿಸಿದ್ದು

ಈ ಏಪ್ರಿಲ್‌ನಲ್ಲೂ ರೆಂಡರ್ (ಎಡಿಟ್ ಮಾಡಿದ ವಿಡಿಯೊವನ್ನ ಪೂರ್ತಿ ಫೈಲಾಗಿ ಕಟ್ಟೋದು) ಹೊತ್ತಲ್ಲಿ ನನ್ನ ಕಂಪ್ಯೂಟರಿನ ಪ್ರೊಸೆಸರ್ 88 ಡಿಗ್ರಿ ದಾಟಲಿಲ್ಲ. ಇನ್ನು ಧೈರ್ಯವಾಗಿ ಬರೀಬಹುದು. ಪ್ರೊಸೆಸರಿನ ಮೇಲಿನ ಲೋಹದ ಮುಚ್ಚಳ ಉಜ್ಜಿ ಸಪಾಟು ಮಾಡಿದ್ದಕ್ಕೇ ಬಿಸಿ ಇಳಿಯಿತು ಅಂತ ಕಳೆದ ಜುಲೈಯಲ್ಲಿ ಹೇಳಿದಾಗ ದುರ್ಗಿಗುಡಿಯ ಗೆಳೆಯರೆಲ್ಲ, "ಮಳೆ ಹಿಡ್ಕೊಂಡಿದೆ ಮಾರಾಯ, ಅದಕ್ಕೇ ತಣ್ಣಗಾಗಿದೆ, ನಿನ್ನ ಉಜ್ಜಾಟದಿಂದಲ್ಲ" ಅಂತ ನಕ್ಕಿದ್ದರು. ಅವರು ಹೇಳಿದ್ದೂ ಪೂರ್ತಿ ಸುಳ್ಳಲ್ಲ. ಶಿವಮೊಗ್ಗದಲ್ಲಿ ಬೇಸಿಗೆಗೂ ಮಳೆಗಾಲಕ್ಕೂ ರೂಮಿನ ಬಿಸಿಯೇ ಹತ್ತು ಡಿಗ್ರಿ ಆಚೀಚೆ ಆಗುತ್ತೆ. ಹಾಗಾಗಿ ಬೇಸಿಗೆ ಬರೋವರೆಗೆ ಬಾಯಿ ಮುಚ್ಚಿಕೊಂಡಿದ್ದೆ.

ನನ್ನದು ಮದುವೆ ವಿಡಿಯೊ ಎಡಿಟಿಂಗ್. ಎಲ್‌ಜಿಎ 1700 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ), 12 ಕೋರು (ಲೆಕ್ಕ ಮಾಡುವ ಘಟಕ), ಪೂರ್ತಿ ಓಡಿದರೆ 190 ವ್ಯಾಟ್ ನುಂಗುವ ಪ್ರೊಸೆಸರು, ಮೇಲೆ ಅದನ್ನ ತಣಿಸುವ ಫ್ಯಾನಿನ ಟವರ್ ಕೂಲರು. 4ಕೆ ರೆಂಡರ್ ಹಾಕಿದ ಸ್ವಲ್ಪ ಹೊತ್ತಿಗೇ 100 ಡಿಗ್ರಿ ಮುಟ್ಟಿ ಕ್ಲಾಕ್ (ಓಡುವ ವೇಗ) ಇಳಿಸಿಕೊಳ್ಳೋದು. ಅತಿ ಬಿಸಿ ಕೋರಿಗೂ ಅತಿ ತಣ್ಣನೆ ಕೋರಿಗೂ ಹದಿನೈದು ಡಿಗ್ರಿ ವ್ಯತ್ಯಾಸ. ಲಿಕ್ವಿಡ್ ಕೂಲರ್ ಹಾಕು, ಎಂಟೊಂಬತ್ತು ಸಾವಿರ ಅಂದರು ಗೆಳೆಯರು. ಕೂಲರ್ ಎತ್ತಿ ನೋಡಿದರೆ, ಮುಚ್ಚಳದಿಂದ ಕೂಲರಿಗೆ ಬಿಸಿ ದಾಟಿಸಲು ಹಚ್ಚುವ ಪೇಸ್ಟು ನಡುವೆ ದಪ್ಪ, ಎರಡು ತುದಿಯಲ್ಲಿ ಬರೀ ಬೆಳ್ಳಿ ಬಣ್ಣ. ಮುಚ್ಚಳ ನಡುವೆ ತಗ್ಗಿರುವಾಗ ಎಂಥ ಕೂಲರ್ ತಂದರೇನು?

ಮೊದಲು ಕೈ ಪಳಗಲಿ ಅಂತ ಗುಜರಿಯಿಂದ ಸತ್ತ ಪ್ರೊಸೆಸರುಗಳನ್ನ ತಂದೆ. ಒಂದಕ್ಕೆ ಐವತ್ತೋ ಅರವತ್ತೋ. ಉಜ್ಜೋಕೆ ಅಡಿಗೆ ಸಪಾಟಾದ ಹಾಸು ಬೇಕು. ಅಡುಗೆಮನೆಯ ಗ್ರಾನೈಟ್ ಕಟ್ಟೆ ಸಪಾಟಾಗಿ ಕಾಣುತ್ತೆ, ಆದರೆ ಮುಚ್ಚಳದ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದು ನಾಲ್ಕು ಸಲ ಉಜ್ಜಿ ನೋಡಿ, ಒಂದು ಮೂಲೆ ಅಳಿಸಿರುತ್ತೆ, ಉಳಿದದ್ದು ಹಾಗೇ. ಕಿಟಕಿಯ 4 ಎಂಎಂ ಗಾಜು ಒತ್ತಿದರೆ ಬಗ್ಗುತ್ತೆ. ಕೊನೆಗೆ ಗಾಜಿನಂಗಡಿಯಲ್ಲಿ ಟೇಬಲ್ಲಿಗೆ ಕತ್ತರಿಸಿ ಉಳಿದ 12 ಎಂಎಂ ತುಂಡು ನೂರೈವತ್ತಕ್ಕೆ ಸಿಕ್ಕಿತು. ಈ ಕೆಲಸದಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ.

ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ, ನಂಬರ್ ಹೆಚ್ಚಾದಷ್ಟೂ ನಯ) ಎಲ್ಲಾ ನಂಬರಿನದೂ ಆಟೋ ಕಾಂಪ್ಲೆಕ್ಸ್ ಕಡೆ ಪೇಂಟ್ ಅಂಗಡಿಯಲ್ಲಿ ಸಿಗುತ್ತೆ. ಬೇಗ ಮುಗಿಸೋಣ ಅಂತ 220ರಿಂದ ಶುರು ಮಾಡಿದರೆ ಬಿದ್ದ ಗೀರು ಆಮೇಲೆ 1200 ತನಕ ಕಾಡುತ್ತೆ. 400, 800, 1200, ಅಷ್ಟೇ. ಗಾಜಿನ ಮೇಲೆ ನೀರು ಚೆಲ್ಲಿ ಪೇಪರ್ ಅಂಟಿಸಿ, ಒಂದು ಹನಿ ಪಾತ್ರೆ ಸೋಪು, ಕೈಭಾರ ಹಾಕದೆ ನಿಧಾನ ಉಜ್ಜಬೇಕು. ಬೆರಳಲ್ಲಿ ಒತ್ತಿದರೆ ಅಂಚು ಗುಂಡಗಾಗುತ್ತೆ. ನಾನು ಒಂದು ಹಿಡಿಕೆ ಮಾಡಿಕೊಂಡಿದ್ದೇನೆ, ಅದರ ಅಳತೆ ಮಾತ್ರ ಇಲ್ಲಿ ಬರೆಯಲ್ಲ. ಅಡಿಭಾಗಕ್ಕೆ ತಾಮ್ರದ ಕೆಸರು ಹೋಗದ ಹಾಗೆ ನೋಡಿಕೊಳ್ಳೋದು ನಿಮಗೆ ಹೇಳಬೇಕಾಗಿಲ್ಲ.

ಒಳ್ಳೆ ಪ್ರೊಸೆಸರನ್ನ ಉಜ್ಜೋಕೆ ಮುಂಚೆ ಪರಿಚಯದ ಲೇತ್ ಶಾಪಿಗೆ ಒಯ್ದೆ. ಅಲ್ಲಿನ ಹಿರಿಯ ಫಿಟ್ಟರ್ ಒಬ್ಬರು ಸರ್ಫೇಸ್ ಪ್ಲೇಟಿಗೆ (ಪಕ್ಕಾ ಸಪಾಟಾದ ಹಲಗೆ) ತೆಳ್ಳಗೆ ಬ್ಲೂ (ತಾಗಿದ ಕಡೆ ಗುರುತು ಬಿಡುವ ನೀಲಿ ಬಣ್ಣ) ಹಚ್ಚಿ, ಪ್ರೊಸೆಸರನ್ನ ಬೋರಲು ಇಟ್ಟು ಎತ್ತಿದರು. ಎರಡು ತುದಿಗೆ ಮಾತ್ರ ನೀಲಿ. "ನಡುವೆ ಕಚ್ಚಲೇ ಇಲ್ಲ ನೋಡಿ" ಅಂದರು. ಅಲ್ಲೇ ಇದ್ದ ಗೆಳೆಯ ಮಾತ್ರ, "ಮೂವತ್ತು ಸಾವಿರದ್ದನ್ನ ಕಾಯಿ ತುರಿದ ಹಾಗೆ ತುರೀತೀಯಾ?" ಅಂದ. ಮೇಲಿನ ಅಕ್ಷರ ಅಳಿಸಿದರೆ ವಾರಂಟಿ ಹೋಯ್ತು, ನಾಳೆ ಮಾರಲಿಕ್ಕೂ ಕಷ್ಟ. ನನ್ನ ವಾರಂಟಿ ಹೇಗೂ ಮುಗಿಯುತ್ತಾ ಬಂದಿತ್ತು. ಫೋಟೊ ತೆಗೆದಿಟ್ಟುಕೊಂಡು ಕೂತೆ. ನಿಕ್ಕಲ್ ಲೇಪ ಹೋಗಿ ತಾಮ್ರ ತುದಿಯಲ್ಲೇ ಮೊದಲು ಕಂಡಿತು, ನಡುವಿನ ಬೆಳ್ಳಿ ಪಟ್ಟಿ ಮಾಯ ಆಗೋ ಹೊತ್ತಿಗೆ ಸಂಜೆ. ಬ್ಲೂ ಹಾಕಿದರೆ ಈಗ ಎಲ್ಲಾ ಕಡೆ ಸಮ.

ಇಷ್ಟೆಲ್ಲ ಮಾಡಿ ಇಳಿದದ್ದು ಮೂರೋ ನಾಲ್ಕೋ ಡಿಗ್ರಿ! ಆ ವಾರ ಗೆಳೆಯರ ಕಡೆ ತಲೆ ಹಾಕಲಿಲ್ಲ.

ವಿಷಯ ಏನಂದ್ರೆ, ಕೈಯಲ್ಲಿ ಸಪಾಟಿದ್ದದ್ದು ಸಾಕೆಟ್ಟಿನಲ್ಲಿ ಸಪಾಟಿರಲ್ಲ. ಈ ಸಾಕೆಟ್ಟಿನ ಕ್ಲಾಂಪು ಉದ್ದನೆ ಪ್ರೊಸೆಸರಿನ ನಡುಭಾಗದಲ್ಲಿ ಎರಡೇ ಕಡೆ ಒತ್ತುತ್ತೆ, ಮುಚ್ಚಳ ಮತ್ತೆ ಬಾಗುತ್ತೆ. ಕ್ಲಾಂಪಿನ ಅಡಿಗೆ ವಾಷರ್ ಕೊಟ್ಟು ನೋಡಿದೆ, ದಪ್ಪ ಜಾಸ್ತಿಯಾಗಿ ಒತ್ತಡ ಸಾಲದೆ ಒಂದು ಮೆಮೊರಿ ಚಾನೆಲ್ಲೇ (ಪ್ರೊಸೆಸರಿಗೂ ಮೆಮೊರಿಗೂ ನಡುವಿನ ದಾರಿ) ಕಾಣೆ. ತೆಳುವಾದದ್ದು ಹಾಕಿದರೆ ಇದ್ದೂ ಇಲ್ಲದ ಹಾಗೆ. ಆಮೇಲೆ ಸಾವಿರದ ಆಸುಪಾಸಿನ ಕಾಂಟ್ಯಾಕ್ಟ್ ಫ್ರೇಮ್ (ಅಂಚಿನ ಸುತ್ತ ಸಮನಾಗಿ ಒತ್ತುವ ಚೌಕಟ್ಟು) ತರಿಸಿ, ಮೂಲ ಕ್ಲಾಂಪ್ ತೆಗೆದು ಅದನ್ನ ಕೂರಿಸಿದೆ. ಇನ್ನೂ ನಾಲ್ಕು ಇಳಿಯಿತು. ಉಳಿದದ್ದು ಕೂಲರಿನದು. ಅದರ ತಳ ನಡುವೆ ಉಬ್ಬು. ಬಾಗಿದ ಮುಚ್ಚಳಕ್ಕೆ ಸರಿ ಹೊಂದಲಿ ಅಂತ ಎಷ್ಟೋ ಕೂಲರುಗಳ ತಳ ಹೀಗೇ ಇರುತ್ತೆ, ನನ್ನ ಮುಚ್ಚಳಕ್ಕೆ ಈಗ ಅದೇ ತೊಡಕು. ಅದನ್ನೂ ಅದೇ ಗಾಜಿನ ಮೇಲೆ ಉಜ್ಜಿದೆ. ಒಟ್ಟು ಹನ್ನೆರಡರ ಹತ್ತಿರ, ಕೋರುಗಳ ವ್ಯತ್ಯಾಸ ಆರೇಳಕ್ಕೆ ಬಂತು. ನಿಮ್ಮ ಕೂಲರಿನಲ್ಲಿ ಬಿಸಿ ಸಾಗಿಸುವ ಹೀಟ್‌ಪೈಪುಗಳೇ ನೇರ ಪ್ರೊಸೆಸರಿಗೆ ತಾಗುವ ಜಾತಿಯಾದರೆ ಮಾತ್ರ ಕೈ ಹಾಕಬೇಡಿ. ಪೈಪಿನ ಗೋಡೆ ತೆಳು, ತೂತು ಬಿದ್ದರೆ ಕೂಲರ್ ಗುಜರಿಗೆ.

ನಡುವೆ ಕೆಲವು ಆಟ ಆಡಿದೆ. ನಮ್ಮ ಕಡೆ ಮರದ ಕೆಲಸಕ್ಕೆ ನಯ ಕೊಡಲು ಗರಗತ್ತಿ ಎಲೆ ಉಜ್ಜುತ್ತಾರಲ್ಲ, ಸತ್ತ ಪ್ರೊಸೆಸರಿನ ಮೇಲೆ ಅದನ್ನೂ ನೋಡಿದೆ. ತಾಮ್ರಕ್ಕೆ ಚೆಂದ ಹೊಳಪು ಬಂತು, ಆದರೆ ಎಲೆ ಮೆತ್ತಗೆ, ಸಪಾಟು ಕೆಟ್ಟಿತು. 2000 ಪೇಪರ್, ಆಮೇಲೆ ಮೆಟಲ್ ಪಾಲಿಶ್ ಹಾಕಿ ಮುಖ ಕಾಣೋ ಹಾಗೂ ಮಾಡಿದೆ. 1200ಕ್ಕೆ ನಿಲ್ಲಿಸಿದ್ದಕ್ಕಿಂತ ಒಂದು ಡಿಗ್ರಿಯೂ ಇಳಿಯಲಿಲ್ಲ. ಫೋಟೊಕ್ಕೆ ಚೆನ್ನಾಗಿರುತ್ತೆ. ಬರೀ ತಾಮ್ರವನ್ನ ಮಳೆಗಾಲದಲ್ಲಿ ರಾತ್ರಿ ಹಾಗೇ ಬಿಟ್ಟರೆ ಬೆಳಗ್ಗೆ ಕಂದು ತಿರುಗಿರುತ್ತೆ, ಉಜ್ಜಿ ಮುಗಿಸಿದ ತಕ್ಷಣ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಒರೆಸಿ ಪೇಸ್ಟ್ ಹಚ್ಚಿಬಿಡಿ.

ದುಡ್ಡು ತಿಂದದ್ದು ಪೇಪರ್ರೂ ಅಲ್ಲ ಫ್ರೇಮೂ ಅಲ್ಲ, ಪೇಸ್ಟು. ಪ್ರತಿ ಸಲ ಬಿಚ್ಚಿದಾಗ ಮತ್ತೆ ಹಚ್ಚಬೇಕು, ಟ್ಯೂಬಿಗೆ ಏಳ್ನೂರು. ಎಲ್ಲಾ ಸೇರಿ ಮೂರು ಸಾವಿರದೊಳಗೆ ಮುಗೀತು. ಮೂರು ಗಂಟೆ ಹಿಡಿಯುತ್ತಿದ್ದ ರೆಂಡರಿನಲ್ಲಿ ಕಾಲು ಗಂಟೆ ಉಳಿಯುತ್ತೆ, ಅದಕ್ಕಿಂತ ಹೆಚ್ಚಾಗಿ ಫ್ಯಾನಿನ ಗಲಾಟೆ ಇಲ್ಲ, ಪಕ್ಕದ ರೂಮಿನಲ್ಲಿ ಮಲಗಿದವರು ಬೈಯಲ್ಲ.

ಫ್ರೇಮಿನ ಸ್ಕ್ರೂ ಮೂಲೆಯಿಂದ ಎದುರು ಮೂಲೆಗೆ ಕಾಲು ಸುತ್ತಿನಂತೆ ಬಿಗಿಸಿ, ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಬಯೋಸ್‌ನಲ್ಲಿ ಎರಡೂ ಮೆಮೊರಿ ಚಾನೆಲ್ ಬಂದಿದೆಯಾ ನೋಡಿಯೇ ಕೇಸ್ ಮುಚ್ಚಿ. ನನ್ನ ಹತ್ತಿರ ತರುವವರಿಗೆ ಕೂಲಿ ಐನೂರು, ಪೇಸ್ಟ್ ನಿಮ್ಮದೇ. ಅಡಿಯಲ್ಲಿ ಪಿನ್ ಇರುವ ಪ್ರೊಸೆಸರ್ ಆದರೆ ಸದ್ಯಕ್ಕೆ ಬೇಡ.