ಕೋಲೆಬಸವನಂತಿದ್ದ ನನ್ನ ಮಾಕ್ ಸರ್ವಿಸ್

ಬೆಳೆ ಸಾಲದ ಅರ್ಜಿ ಸ್ವೀಕರಿಸುವ ಆ್ಯಪ್ ಒಂದರ ಪರೀಕ್ಷೆ ನನ್ನ ಪಾಲಿಗೆ ಬಂದಿತ್ತು. ರೈತರು ಪಹಣಿಯ ಪಿಡಿಎಫ್, ಪಾಸ್‌ಬುಕ್ಕಿನ ಮೊದಲ ಪುಟದ ಫೋಟೊ ಮತ್ತು ತಮ್ಮ ಭಾವಚಿತ್ರ ಸೇರಿಸಿ ಕಳುಹಿಸುತ್ತಾರೆ. ನಮ್ಮ ಸರ್ವರ್ ಅವನ್ನು ದಾಖಲೆ ಪರಿಶೀಲಿಸುವ ಇನ್ನೊಂದು ಸಂಸ್ಥೆಗೆ ದಾಟಿಸಬೇಕು. ಆ ಸಂಸ್ಥೆಯ ಪರೀಕ್ಷಾ ಸರ್ವರ್ ಬೆಳಿಗ್ಗೆ ಇದ್ದರೆ ಸಂಜೆ ಇರುತ್ತಿರಲಿಲ್ಲ. ಹಾಗಾಗಿ ಅದರ ಜಾಗದಲ್ಲಿ ನಿಲ್ಲಲು ಸರ್ವರ್ ಬರೆಯಲು ಬಳಸುವ ನೋಡ್‌ಜೆಎಸ್ ಮತ್ತು ಎಕ್ಸ್‌ಪ್ರೆಸ್ ಹಿಡಿದು ನಾನೇ ಒಂದು ಮಾಕ್, ಅಂದರೆ ನಕಲಿ ಸೇವೆ, ಬರೆದೆ. ಹದಿನೈದು ಸಾಲಿನ ಕೆಲಸ. ಏನು ಬಂದರೂ 200 (‘ಎಲ್ಲ ಸರಿ’ ಎಂಬ ಸಂಕೇತ), ಜೊತೆಗೆ ‘ದಾಖಲೆ ಸ್ವೀಕೃತವಾಗಿದೆ’ ಎಂಬ ಉತ್ತರ.

ಟೆಸ್ಟ್‌ಗಳೆಲ್ಲ ಹಸಿರಾಗಿ ಹೊಳೆಯುತ್ತಿದ್ದವು. ನಿಜವಾದ ಸೇವೆಗೆ ಜೋಡಿಸಿದ ಮೊದಲ ದಿನವೇ ಆಚೆಯಿಂದ ದೂರು ಬಂತು: ‘ನೀವು ಕಳುಹಿಸಿದ ಪಹಣಿಗಳು ತೆರೆದುಕೊಳ್ಳುತ್ತವೆ, ಆದರೆ ಪುಟಗಳೆಲ್ಲ ಖಾಲಿ.’

ಕಾರಣ ಸಿಕ್ಕಾಗ ನಗು ಬಂದದ್ದು ಆಮೇಲೆ. ಮೊದಲು ಬಂದದ್ದು ಬೆವರು. ನಮ್ಮ ಸರ್ವರ್ ಫೈಲನ್ನು ಮುಂದಕ್ಕೆ ದಾಟಿಸುವಾಗ, ಬಂದ ತುಣುಕುಗಳನ್ನು ಒಂದು ಸ್ಟ್ರಿಂಗ್‌ಗೆ, ಅಂದರೆ ಪಠ್ಯಕ್ಕೆ, ಕೂಡಿಸುತ್ತ ಹೋಗುತ್ತಿತ್ತು. ಹಾಗೆ ಕೂಡಿಸಿದರೆ ನೋಡ್‌ಜೆಎಸ್ ಆ ಬೈಟುಗಳನ್ನು ಯುಟಿಎಫ್-8 (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಒಂದು ಪದ್ಧತಿ) ಪಠ್ಯವೆಂದು ಓದಲು ಹೊರಡುತ್ತದೆ. ಪಠ್ಯವಾಗಿ ಅರ್ಥವಾಗದ ಬೈಟು ಎದುರಾದಲ್ಲೆಲ್ಲ ಅದನ್ನು ಬಿಸಾಡಿ, ‘ಗೊತ್ತಿಲ್ಲ’ ಎಂದು ಸೂಚಿಸುವ ಬದಲಿ ಅಕ್ಷರವನ್ನು ಇಡುತ್ತದೆ. ಆ ಒಂದು ಅಕ್ಷರಕ್ಕೆ ಮೂರು ಬೈಟು. ಪಿಡಿಎಫ್‌ನ ಚೌಕಟ್ಟು ಬಹುತೇಕ ಸಾದಾ ಪಠ್ಯವಾದ್ದರಿಂದ ಅದು ಉಳಿಯಿತು. ಒಳಗಿದ್ದ ಸಂಕುಚಿತ ದತ್ತಾಂಶ ಹಾಳಾಯಿತು. ಪುಟಗಳ ಸಂಖ್ಯೆ ಸರಿ, ಪುಟದಲ್ಲಿ ಏನೂ ಇಲ್ಲ. ಫೈಲಿನ ಗಾತ್ರವೂ ಹೆಚ್ಚುಕಡಿಮೆ ಎರಡು ಪಟ್ಟಾಗಿತ್ತು.

ಅಷ್ಟು ದಪ್ಪಗಾದ ಫೈಲು ನನ್ನ ಮಾಕ್‌ನ ಬಾಗಿಲಿಗೂ ಬಂದಿತ್ತಲ್ಲ, ಅದೇಕೆ ಹೇಳಲಿಲ್ಲ? ಏಕೆಂದರೆ ಅದು ಒಳಗೆ ಇಣುಕಿಯೇ ನೋಡಿರಲಿಲ್ಲ. ಕೋಲೆಬಸವನಂತೆ ಎಲ್ಲದಕ್ಕೂ ತಲೆಯಾಡಿಸುತ್ತಿತ್ತು. ನನ್ನ ಮಾದರಿ ಫೈಲಿನದೂ ತಪ್ಪಿತ್ತು. ಅದು ‘ಹಲೋ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದ ಪುಟ್ಟ ಪಠ್ಯ ಕಡತ. ಅದನ್ನು ಯುಟಿಎಫ್-8 ಎಂದು ಎಷ್ಟು ಬಾರಿ ಓದಿದರೂ ಕೆಡುವುದಿಲ್ಲ.

ಎರಡನೆಯ ಮಾಕ್ ಬರೆಯುವಾಗ ಉತ್ತರ ಕೊಡುವುದನ್ನು ಬದಿಗಿಟ್ಟು, ತನಗೆ ಬಂದದ್ದು ಏನೆಂದು ಸಾಕ್ಷಿ ಹೇಳುವಂತೆ ಮಾಡಿದೆ. ಬ್ರೌಸರ್‌ಗಳು ಫೈಲ್ ಕಳುಹಿಸುವ ಮಲ್ಟಿಪಾರ್ಟ್ ರೂಪದಲ್ಲಿ ಒಂದೇ ಕೋರಿಕೆಯೊಳಗೆ ಹಲವು ಭಾಗಗಳಿರುತ್ತವೆ. ‘ಬೌಂಡರಿ’ ಎಂಬ ಗುರುತಿನ ಸಾಲು ಅವನ್ನು ಬೇರ್ಪಡಿಸುತ್ತದೆ. ಪ್ರತಿ ಭಾಗಕ್ಕೂ ತನ್ನದೇ ಹೆಸರು, ಫೈಲ್ ಹೆಸರು, ಬಗೆ ಇರುತ್ತದೆ. ಇದನ್ನು ಕೈಯಾರೆ ಬಿಡಿಸುವ ಸಾಹಸ ಬೇಡ. ನಾನು ಒಂದು ಸಂಜೆ ಪ್ರಯತ್ನಿಸಿ ಕೈಬಿಟ್ಟೆ. ಮಲ್ಟರ್ ಎಂಬ ಲೈಬ್ರರಿಗೆ ಆ ಕೆಲಸ ವಹಿಸಿ, ಫೈಲನ್ನು ಡಿಸ್ಕ್‌ಗೆ ಬರೆಯದೆ ಮೆಮೊರಿಯಲ್ಲೇ ಬಫರ್ ಆಗಿ, ಅಂದರೆ ಕಚ್ಚಾ ಬೈಟುಗಳ ಸಾಲಾಗಿ, ತೆಗೆದುಕೊಂಡೆ. ಅದರಿಂದ ಗಾತ್ರ, ಎಸ್‌ಎಚ್‌ಎ-256 ಹ್ಯಾಶ್ (ಒಂದು ಬೈಟು ಬದಲಾದರೂ ಬದಲಾಗುವ, ಫೈಲಿನ ಬೆರಳಚ್ಚು) ಮತ್ತು ಮೊದಲ ಹದಿನಾರು ಬೈಟುಗಳನ್ನು ಬರೆದಿಟ್ಟುಕೊಂಡು, ಬಫರನ್ನು ಬಿಟ್ಟುಬಿಡುವುದು. ಮೊದಲು ಬಫರನ್ನೂ ಇಟ್ಟುಕೊಂಡಿದ್ದೆ. ರಾತ್ರಿಯ ಟೆಸ್ಟ್‌ಗಳು ಅರ್ಧ ದಾರಿಯಲ್ಲಿ ಮೆಮೊರಿ ಮುಗಿಸಿಕೊಂಡು ಮಲಗಿದ ಮೇಲೆ ಬುದ್ಧಿ ಬಂತು.

ಮೊದಲ ಬೈಟುಗಳನ್ನು ಇಟ್ಟುಕೊಳ್ಳಲು ಕಾರಣವಿದೆ. ಜೆಪೆಗ್ ಚಿತ್ರ ಎಫ್‌ಎಫ್ ಡಿ8 ಎಫ್‌ಎಫ್ ಎಂಬ ಬೈಟುಗಳಿಂದ ಶುರುವಾಗುತ್ತದೆ. ಪಿಡಿಎಫ್ ಶೇಕಡಾ ಚಿಹ್ನೆ ಮತ್ತು ತನ್ನ ಹೆಸರಿನಿಂದ ಶುರುವಾಗುತ್ತದೆ. ಕಳುಹಿಸುವವರು ಬಗೆಯ ಜಾಗದಲ್ಲಿ ಏನು ಬೇಕಾದರೂ ಬರೆಯಬಹುದು, ಈ ಬೈಟುಗಳನ್ನು ನೋಡಿದರೆ ಸುಳ್ಳು ಸಿಕ್ಕಿಬೀಳುತ್ತದೆ. ‘ಏನೇನು ಬಂತು’ ಎಂದು ಕೇಳಲು ಮಾಕ್‌ನಲ್ಲಿ ಇನ್ನೊಂದು ವಿಳಾಸ ಇಟ್ಟೆ. ಟೆಸ್ಟ್ ಮೂಲ ಫೈಲಿನ ಹ್ಯಾಶ್ ಲೆಕ್ಕ ಹಾಕಿ, ಮಾಕ್ ಕೊಟ್ಟ ಹ್ಯಾಶ್ ಜೊತೆ ಹೋಲಿಸುತ್ತದೆ. ಖಾಲಿ ಪುಟದ ದೋಷವನ್ನು ಬೇಕೆಂದೇ ಮತ್ತೆ ಕೋಡಿನೊಳಗೆ ತಂದು ಓಡಿಸಿದೆ. ಟೆಸ್ಟ್ ಕೆಂಪಾಯಿತು. ಕೆಂಪು ಬಣ್ಣ ನೋಡಿ ಅಷ್ಟು ಸಂತೋಷಪಟ್ಟದ್ದು ನನ್ನ ವೃತ್ತಿಯಲ್ಲಿ ಅದೇ ಮೊದಲು.

ಯಾವ ಫೈಲಿಗೆ ಯಾವ ಉತ್ತರ ಎಂಬುದು ಇದಕ್ಕಿಂತ ತಲೆನೋವಿನ ವಿಷಯ. ‘ತಿರಸ್ಕೃತ’ ಎಂಬ ಉತ್ತರ ಬೇಕಿದ್ದರೆ ಫೈಲಿನ ಹೆಸರನ್ನೇ ಹಾಗೆ ಇಡೋಣ, ಮಾಕ್ ಹೆಸರು ನೋಡಿ ಉತ್ತರಿಸಲಿ ಎಂದುಕೊಂಡೆ. ನಡೆಯಲಿಲ್ಲ. ನಮ್ಮ ಸರ್ವರ್ ಪಹಣಿ, ಫೋಟೊಗಳನ್ನು ದಾಟಿಸುವ ಮೊದಲು ಹೆಸರು ಬದಲಿಸಿ ತನ್ನದೇ ಕ್ರಮಸಂಖ್ಯೆ ಕೊಡುತ್ತಿತ್ತು. ಹ್ಯಾಶ್ ನೋಡಿ ಉತ್ತರಿಸುವ ಉಪಾಯ ಪಿಡಿಎಫ್‌ಗಳಿಗೆ ಚೆನ್ನಾಗಿ ಹೊಂದಿತು. ಫೋಟೊಗಳಿಗೆ ಅದೂ ಆಗಲಿಲ್ಲ, ಏಕೆಂದರೆ ಆ್ಯಪ್ ಅವನ್ನು ಕಳುಹಿಸುವ ಮುನ್ನವೇ ಕುಗ್ಗಿಸುತ್ತದೆ. ಕೊನೆಗೆ ಅದೇ ಕೋರಿಕೆಯಲ್ಲಿ ಬರುವ ಅರ್ಜಿ ಸಂಖ್ಯೆಯನ್ನು ಕೀಲಿಯಾಗಿ ಬಳಸಿದೆ. ಒಟ್ಟಿಗೆ ಓಡುವ ಟೆಸ್ಟ್‌ಗಳು ಒಂದರ ದಾಖಲೆಯನ್ನು ಇನ್ನೊಂದು ನೋಡಿ ಗೊಂದಲ ಮಾಡಿಕೊಳ್ಳುತ್ತಿದ್ದುದೂ ಇದರಿಂದ ನಿಂತಿತು.

ಭಾವಚಿತ್ರ ಮಾತ್ರ ಬೇಸ್64 ಪಠ್ಯವಾಗಿ, ಅಂದರೆ ಬೈಟುಗಳನ್ನು ಸಾದಾ ಅಕ್ಷರಗಳಲ್ಲಿ ಬರೆದ ರೂಪದಲ್ಲಿ, ಜೇಸನ್ ಎಂಬ ಪಠ್ಯ ಮಾದರಿಯ ಸಂದೇಶದೊಳಗೆ ಹೋಗುತ್ತಿತ್ತು. ಹಾಗೆ ಮಾಡಿದರೆ ಗಾತ್ರ ಮೂರನೇ ಒಂದರಷ್ಟು ಹಿಗ್ಗುತ್ತದೆ. ಎಕ್ಸ್‌ಪ್ರೆಸ್‌ನ ಜೇಸನ್ ಮಿತಿ ನಾವು ಬದಲಿಸದಿದ್ದರೆ 100 ಕೆಬಿ. 80 ಕೆಬಿಯ ಫೋಟೊಗೆ ಮಾಕ್ 413 (ಗಾತ್ರ ಮಿತಿ ಮೀರಿದೆ) ಎಂದು ಮುಖ ತಿರುಗಿಸಿದಾಗ, ತಪ್ಪು ಆ್ಯಪ್‌ನದಲ್ಲ, ಮಾಕ್‌ನದು ಎಂದು ಹೊಳೆಯಲು ಒಂದು ಗಂಟೆ ಹಿಡಿಯಿತು.

ಅದಕ್ಕಿಂತ ದೊಡ್ಡ ಅನ್ಯಾಯ ಕನ್ನಡ ಹೆಸರಿನ ಫೈಲಿಗೆ ಆಯಿತು. ಮೂಲ ಹೆಸರು ಉಳಿಯಬೇಕಾದ ‘ಇತರ ದಾಖಲೆ’ ವಿಭಾಗದಲ್ಲಿ ‘ಪಹಣಿ ಪತ್ರ’ ಎಂಬ ಹೆಸರಿನ ಪಿಡಿಎಫ್ ಕಳುಹಿಸಿದೆ. ಮಾಕ್‌ನ ದಾಖಲೆಯಲ್ಲಿ ತಲೆಬುಡವಿಲ್ಲದ ಯುರೋಪಿಯನ್ ಅಕ್ಷರಗಳ ಸರಮಾಲೆ. ಡೆವಲಪರ್ ಮೇಲೆ ದೋಷ ದಾಖಲಿಸಿಬಿಟ್ಟೆ. ಅವರು ಅರ್ಧ ದಿನ ಹುಡುಕಿ, ‘ಸರ್, ನಮ್ಮಿಂದ ಹೊರಡುವಾಗ ಬೈಟುಗಳು ಸರಿಯಾಗಿಯೇ ಇವೆ’ ಎಂದರು. ಯುಟಿಎಫ್-8ರಲ್ಲಿ ‘ಪ’ ಅಕ್ಷರಕ್ಕೆ ಮೂರು ಬೈಟು. ಮಲ್ಟರ್‌ನೊಳಗಿನ ಬಸ್‌ಬಾಯ್ ಎಂಬ ಲೈಬ್ರರಿ ಫೈಲ್ ಹೆಸರನ್ನು, ಬೇರೆ ಹೇಳದಿದ್ದರೆ, ಒಂದು ಬೈಟಿಗೆ ಒಂದು ಅಕ್ಷರ ಎನ್ನುವ ಲ್ಯಾಟಿನ್-1 ಎಂದು ಓದುತ್ತದೆ. ಮೂರು ಬೈಟು ಮೂರು ಅಕ್ಷರವಾಗಿ ಒಡೆದಿತ್ತು, ಅಷ್ಟೆ. ಲ್ಯಾಟಿನ್-1ರಿಂದ ಬೈಟುಗಳಿಗೆ ಮರಳಿಸಿ ಯುಟಿಎಫ್-8 ಎಂದು ಓದುವ ಒಂದು ಸಾಲು ಸೇರಿಸಿದೆ, ದೋಷದ ಟಿಕೆಟ್ ಮುಚ್ಚಿದೆ, ಅವರಿಗೆ ಕಾಫಿ ಕೊಡಿಸಿದೆ.

ಮಾದರಿ ಫೈಲುಗಳ ಬಗ್ಗೆ ಮಾತ್ರ ನಾನು ಹಟಮಾರಿ. ಸಹೋದ್ಯೋಗಿಯೊಬ್ಬರು ಬೇರೇನೂ ಕೈಗೆ ಸಿಗಲಿಲ್ಲವೆಂದು ತಮ್ಮದೇ ಆಧಾರ್ ಕಾರ್ಡಿನ ಸ್ಕ್ಯಾನ್ ಬಳಸಿದ್ದರು. ಅದು ಕೋಡ್ ಭಂಡಾರದೊಳಗೆ ಸೇರಿ ತಂಡದ ಎಲ್ಲರ ಕಂಪ್ಯೂಟರಿಗೂ ಇಳಿದಿತ್ತು. ಭಂಡಾರದ ಹಳೆಯ ಆವೃತ್ತಿಗಳಿಂದಲೂ ಅದನ್ನು ಕಿತ್ತುಹಾಕುವುದರಲ್ಲಿ ಒಂದು ಶನಿವಾರ ಹೋಯಿತು. ಈಗ ಎಲ್ಲ ಮಾದರಿಗಳನ್ನೂ ಸ್ಕ್ರಿಪ್ಟ್ ಹುಟ್ಟಿಸುತ್ತದೆ: ಒಂದು ಪುಟದ ಪಿಡಿಎಫ್, ಪುಟ್ಟ ಜೆಪೆಗ್, ಸೊನ್ನೆ ಬೈಟಿನ ಫೈಲ್, ಪಿಡಿಎಫ್ ಎಂದು ಹೆಸರಿಟ್ಟುಕೊಂಡ ಚಿತ್ರ, 0ರಿಂದ 255ರವರೆಗಿನ ಎಲ್ಲ ಬೈಟುಗಳೂ ಇರುವ ಒಂದು ಕಡತ, ಮತ್ತು ಉದ್ದನೆಯ ಕನ್ನಡ ಹೆಸರಿನದೊಂದು. ಲಿನಕ್ಸ್‌ನಲ್ಲಿ ಫೈಲ್ ಹೆಸರಿನ ಮಿತಿ ಸಾಮಾನ್ಯವಾಗಿ 255 ಬೈಟು. ಗುಣಿತ ಚಿಹ್ನೆಗೂ ಮೂರು ಬೈಟು, ಒತ್ತಕ್ಷರಕ್ಕೆ ಆರು ಬೈಟು ಹೋಗುವುದರಿಂದ ಕನ್ನಡದಲ್ಲಿ ಆ ಮಿತಿ ಬೇಗ ಮುಟ್ಟುತ್ತದೆ.

ಅರ್ಧ ಕಳುಹಿಸಿದ ಮೇಲೆ ಸಿಗ್ನಲ್ ಹೋಗುವ ಸಂದರ್ಭವನ್ನು ಮಾಕ್‌ನಲ್ಲಿ ತೃಪ್ತಿಯಾಗುವಂತೆ ತರಲು ನನಗೆ ಇನ್ನೂ ಆಗಿಲ್ಲ. ಅದಕ್ಕಾಗಿ ಈಗಲೂ ಮೊಬೈಲ್ ಹಿಡಿದು, ಅಪ್‌ಲೋಡ್ ಒತ್ತಿ, ಕಚೇರಿಯ ನೆಲಮಾಳಿಗೆಯ ಪಾರ್ಕಿಂಗ್‌ಗೆ ಇಳಿದು ಹೋಗುತ್ತೇನೆ. ಕಾವಲುಗಾರರು ಮೊದಮೊದಲು ಏಕೆಂದು ಕೇಳುತ್ತಿದ್ದರು.