ಬೇರೆ ಬೇರೆ ಇಸವಿಯ ಆರ್‌ಎಕ್ಸ್ ಭಾಗಗಳಿಂದ ಒಂದು ಎಂಜಿನ್ ಕಟ್ಟುವಾಗ

ನಮ್ಮಪ್ಪನ ಯಮಹಾ ಬೈಕ್ ಆರ್‌ಎಕ್ಸ್ 100 ಆರ್‌ಸಿಯ ಪ್ರಕಾರ 1993ರದ್ದು. ಎಂಜಿನ್ ಇಳಿಸಿ ಬಿಚ್ಚಿದಾಗ ಗೊತ್ತಾಯಿತು, ಒಳಗಿದ್ದವಕ್ಕೆ ಒಂದೇ ವಯಸ್ಸಿಲ್ಲ. ಬ್ಲಾಕ್ (ಪಿಸ್ಟನ್ ಓಡಾಡುವ ಸಿಲಿಂಡರ್) ಹಳೇದು, ಅದರ ಮುಚ್ಚಳವಾದ ಹೆಡ್ ಇನ್ಯಾವುದೋ ಗಾಡಿಯದು, ಕ್ಲಚ್ ಪ್ಲೇಟುಗಳು ಕೂರುವ ಬಾಸ್ಕೆಟ್ ಯಾರದೋ ಏನೋ. ತಿಪಟೂರಿನ ಮೂರು ನಾಲ್ಕು ಮೆಕ್ಯಾನಿಕ್‌ಗಳ ಕೈ ದಾಟಿದ ಗಾಡಿ, ಬೇರೆ ಹೇಗಿರುತ್ತೆ? ಈ ಮಾಡೆಲ್ 1985ರಲ್ಲಿ ಬಂದು 1996ರಲ್ಲೇ ನಿಂತಿತು. ಈಗ ಕಟ್ಟಬೇಕು ಅಂದ್ರೆ ಬೆಂಗಳೂರಿನ ಜೆ.ಸಿ. ರೋಡ್ ಅಥವಾ ಗುಜರಿ, ಸ್ವಲ್ಪ 100ರದ್ದು, ಸ್ವಲ್ಪ ಅದೇ ಸಾಲಿನ ಆರ್‌ಎಕ್ಸ್ 135ರದ್ದು. ಬೆರಕೆ ಮಾಡದೆ ವಿಧಿಯಿಲ್ಲ.

ಬೆರಕೆ ಮಾಡಿ, ಆದರೆ ಇಸವಿ ಕೇಳಿ ಮಾಡಬೇಡಿ. ಅಂಗಡಿಯಲ್ಲಿ "ತೊಂಬತ್ತೈದರ ಮಾಲು ಸಾರ್, ಜಪಾನ್ ಒರಿಜಿನಲ್" ಅನ್ನುತ್ತಾರೆ. ಅದನ್ನ ಒಂದು ಕಿವಿಯಲ್ಲಿ ಕೇಳಿ, ಜೇಬಿನಿಂದ ಅಳತೆಯ ವರ್ನಿಯರ್ ಕ್ಯಾಲಿಪರ್ ತೆಗೆಯಿರಿ. ಪ್ಯಾಕೆಟ್ ಇದ್ದರೆ ಪಾರ್ಟ್ ನಂಬರ್ ಓದಿ. ಯಮಹಾ ನಂಬರಿನಲ್ಲಿ ಮೊದಲ ಮೂರು ಅಕ್ಷರ ಆ ಭಾಗ ಮೊದಲು ಯಾವ ಮಾಡೆಲ್‌ಗೆ ಬಂತು ಅಂತ ಹೇಳುತ್ತದೆ. ನಡುವಿನ ಐದು, ಅದು ಏನು ಅಂತ. 11311 ಅಂದ್ರೆ ಬ್ಲಾಕ್, 11631 ಪಿಸ್ಟನ್, 11181 ಹೆಡ್ ಪ್ಯಾಕಿಂಗ್ (ಗ್ಯಾಸ್ಕೆಟ್). ಹೊಸ ನಂಬರುಗಳಲ್ಲಿ ಮೊದಲ 1ರ ಜಾಗದಲ್ಲಿ ಇ ಇರಬಹುದು. ಎರಡು ಇಸವಿಯ ಗಾಡಿಗೆ ಒಂದೇ ನಂಬರ್ ಇದ್ದರೆ ಕಣ್ಣು ಮುಚ್ಚಿ ಹಾಕಬಹುದು. ನಡುವಿನ ಐದು ಒಂದೇ ಇದ್ದು ಮೊದಲ ಮೂರು ಬೇರೆಯಾದರೆ, ಅಳೆಯಲೇಬೇಕು.

ಆರ್‌ಎಕ್ಸ್ 100ರ ಬೋರ್ (ಸಿಲಿಂಡರಿನ ಒಳವ್ಯಾಸ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 50 ಮಿ.ಮೀ. 135ರದ್ದು ಬೋರ್ 58, ಸ್ಟ್ರೋಕ್ ಅದೇ 50. ಸ್ಟ್ರೋಕ್ ಒಂದೇ ಅಂತ ಎಲ್ಲರಿಗೂ ಆಸೆ ಹುಟ್ಟುವುದು ಇಲ್ಲೇ. "135ರ ಬ್ಲಾಕ್ ಎತ್ತಿ ಕೂರಿಸಿದರೆ ಆಯ್ತಲ್ವಾ?" ಆಗಲ್ಲ. 135ರ ಸ್ಲೀವ್, ಅಂದ್ರೆ ಬ್ಲಾಕಿನ ಒಳಗಿನ ಕೊಳವೆ, ದಪ್ಪ; ಬ್ಲಾಕ್ ಕೂರುವ ಕ್ರ್ಯಾಂಕ್‌ಕೇಸ್ ಇದೆಯಲ್ಲ, 100ರ ಆ ಕೇಸಿನ ಬಾಯಿಗೆ ಹಾಗೇ ಇಳಿಯುವುದಿಲ್ಲ. ಬಾಯಿ ದೊಡ್ಡದು ಮಾಡಿಸಬೇಕು. ಒಮ್ಮೆ ಮಾಡಿಸಿದರೆ ಆ ಕೇಸ್ ಮತ್ತೆ ಮೊದಲಿನಂತಾಗಲ್ಲ. 100ರ ಹೆಡ್ಡನ್ನೂ ಅದರ ಮೇಲೆ ಇಡುವ ಹಾಗಿಲ್ಲ, ಅದರೊಳಗೆ ಪೆಟ್ರೋಲ್ ಉರಿಯುವ ಚೇಂಬರ್ 50ರ ಬೋರಿಗೆ ಕೊರೆದದ್ದು. ಸಾಲದ್ದಕ್ಕೆ ಆರ್‌ಸಿಯಲ್ಲಿ 98 ಸಿಸಿ ಇದ್ದು ರಸ್ತೆಯಲ್ಲಿ 132 ಸಿಸಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಅಡ್ಡ ಬರುತ್ತದೆ. ನಾನು ಬ್ಲಾಕ್ 100ರದ್ದೇ ಇಟ್ಟುಕೊಂಡೆ. ಅಪ್ಪನ ಗಾಡಿ ಅಪ್ಪನ ಗಾಡಿ ಥರವೇ ಇರಲಿ ಅಂತ.

ಎಂಜಿನ್ ಒಳಗೆ ಕೆಲವು ಭಾಗಗಳು ಗಂಡ ಹೆಂಡತಿ ಇದ್ದ ಹಾಗೆ. ಒಂದನ್ನು ಬದಲಾಯಿಸಿದರೆ ಇನ್ನೊಂದೂ ಜೊತೆಗೆ ಬರಬೇಕು. ಕ್ರ್ಯಾಂಕ್‌ಕೇಸಿನ ಎಡ ಬಲ ಮೊದಲನೇದು. ಎರಡನ್ನೂ ಜೋಡಿಸಿಟ್ಟೇ ಕಾರ್ಖಾನೆಯಲ್ಲಿ ಬೇರಿಂಗ್ ಜಾಗ ಕೊರೆದಿರುತ್ತಾರೆ. ಎಡಭಾಗ ಒಂದು ಗಾಡಿಯದು, ಬಲಭಾಗ ಇನ್ನೊಂದರದ್ದು ಅಂದ್ರೆ ಪಿಸ್ಟನ್ನಿನಿಂದ ತಿರುಗುವ ದಂಡ, ಅದೇ ಕ್ರ್ಯಾಂಕ್, ಬಿಗಿಯಾಗುತ್ತೆ, ಇಲ್ಲವೇ ಬೇರಿಂಗ್ ಬೇಗ ಹೋಗುತ್ತೆ. ಎಂಜಿನ್ ನಂಬರ್ ಇರುವುದೂ ಅಲ್ಲೇ, ಅದನ್ನೂ ಮರೀಬೇಡಿ. ಆಮೇಲೆ ಕ್ರ್ಯಾಂಕ್ ತುದಿಯ ಪ್ರೈಮರಿ ಗೇರ್ ಮತ್ತು ಕ್ಲಚ್ ಬಾಸ್ಕೆಟ್ಟಿನ ದೊಡ್ಡ ಗೇರ್: ಹಲ್ಲು ಎಣಿಸಿ, ಒಂದೇ ಎಂಜಿನ್ನಿಂದ ಜೋಡಿಯಾಗಿ ತನ್ನಿ. ಪ್ಲಗ್ಗಿಗೆ ಕಿಡಿ ಕೊಡುವ ಮ್ಯಾಗ್ನೆಟ್, ಕಾಯಿಲ್ ಪ್ಲೇಟ್, ಸಿಡಿಐ ಮೂರೂ ಒಂದೇ ಗಾಡಿಯವು ಇರಲಿ. ಮ್ಯಾಗ್ನೆಟ್ ಕ್ರ್ಯಾಂಕಿಗೆ ಚೆನ್ನಾಗಿ ಕೂತಿತು ಅಂದ ಮಾತ್ರಕ್ಕೆ ಕಿಡಿ ಸರಿಯಾದ ಹೊತ್ತಿಗೆ ಬರುತ್ತೆ ಅಂತಲ್ಲ. 100ರಲ್ಲಿ ನಾಲ್ಕು ಗೇರ್. ಐದರ ಆಸೆ ಇದ್ದರೆ ಬಿಡಿ ಗೇರ್ ಕೊಳ್ಳಬೇಡಿ, ಕೇಸ್ ಸಮೇತ ಇಡೀ ಎಂಜಿನ್ ನೋಡಿ.

ಪಿಸ್ಟನ್ ವಿಷಯಕ್ಕೆ ಬರ್ತೀನಿ, ನಾನು ಎಡವಿದ್ದು ಅಲ್ಲೇ. ಬೋರ್ ಸವೆದಿತ್ತು, ಅದನ್ನು ಕೊರೆದು ಅರ್ಧ ಮಿ.ಮೀ. ದೊಡ್ಡ ಪಿಸ್ಟನ್, ಅಂದ್ರೆ 0.50 ಓವರ್‌ಸೈಜ್ ಹಾಕಿಸೋಣ ಅಂದ್ರು ಲೇತ್‌ನವರು. ಒಂದು ಅಂಗಡಿಯಲ್ಲಿ 50.50ರ ಪಿಸ್ಟನ್ ಸಿಕ್ಕಿತು. ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಪಿನ್ ಸರಿಯಾಗಿ ಕೂತಿತು, ರಿಂಗಿನ ತುದಿಗಳ ನಡುವಿನ ಗ್ಯಾಪ್ ಫೀಲರ್ ಗೇಜಿನಲ್ಲಿ (ತೆಳು ಅಳತೆಪಟ್ಟಿ) 0.20 ಮಿ.ಮೀ. ಬಂತು. ಖುಷಿಯಾಗಿ ಬ್ಲಾಕ್ ಕೂರಿಸಿದೆ. ಹೆಡ್ ಬಿಗಿಯುವ ಮುಂಚೆ, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದಕ್ಕೂ ಹೆಡ್ಡಿಗೂ ನಡುವೆ ಎಷ್ಟು ಜಾಗ ಉಳಿಯುತ್ತೆ ಅಂತ ನೋಡಲು, ಸುಮ್ನೆ ಅಭ್ಯಾಸಕ್ಕೆ ಅಂತ, 2 ಮಿ.ಮೀ. ಸೋಲ್ಡರ್ ತಂತಿಯ ಎರಡು ತುಂಡು ಕತ್ತರಿಸಿ ಪಿಸ್ಟನ್ ತಲೆಯ ಮೇಲೆ ಅಂಚಿನ ತನಕ ಗ್ರೀಸಿನಿಂದ ಅಂಟಿಸಿದೆ. ಪಿನ್ ಯಾವ ಗೆರೆಯಲ್ಲಿದೆಯೋ ಅದೇ ಗೆರೆಯಲ್ಲಿ, ಎರಡು ಕಡೆ. ಬೇರೆ ಕಡೆ ಇಟ್ಟರೆ ಪಿಸ್ಟನ್ ವಾಲಿ ಅಳತೆ ತಪ್ಪುತ್ತೆ. ಪ್ಯಾಕಿಂಗ್ ಹಾಕಿ ಹೆಡ್ ಪೂರ್ತಿ ಬಿಗಿದು, ಮ್ಯಾಗ್ನೆಟ್ ನಟ್ಟಿಗೆ ಸ್ಪ್ಯಾನರ್ ಕೊಟ್ಟು ಕೈಯಲ್ಲೇ ನಿಧಾನಕ್ಕೆ ಒಂದು ಸುತ್ತು ತಿರುಗಿಸಿದೆ. ಕಿಕ್ಕರ್ ಮುಟ್ಟಲಿಲ್ಲ.

ಮೇಲೆ ಬರುವಾಗ ಕೈಗೇ ಗೊತ್ತಾಯಿತು, ಏನೋ ಬಿಗಿ. ಬಿಚ್ಚಿ ನೋಡಿದರೆ ತಂತಿಯ ತುದಿ ಕಾಗದದ ಥರ ಚಪ್ಪಟೆ. ವರ್ನಿಯರ್‌ನಲ್ಲಿ 0.3 ಮಿ.ಮೀ. ಇಂಥ ಸಣ್ಣ ಎಂಜಿನ್ನಿಗೆ ನಾನು 1 ಮಿ.ಮೀ. ಹತ್ತಿರ ಬಿಡುತ್ತೇನೆ. ಹಾಗೇ ಓಡಿಸಿದ್ದರೆ ಜಾಸ್ತಿ ಆರ್‌ಪಿಎಂನಲ್ಲಿ ಪಿಸ್ಟನ್ ಹೋಗಿ ಹೆಡ್ಡಿಗೆ ಬಡಿಯುತ್ತಿತ್ತು. ಹಳೇ ಪಿಸ್ಟನ್ ಪಕ್ಕ ಹೊಸದನ್ನು ಇಟ್ಟು, ಎರಡರಲ್ಲೂ ಪಿನ್ ತೂರಿಸಿ, ಪಿನ್ನಿನಿಂದ ತಲೆವರೆಗೆ ಅಳೆದೆ. ಹೊಸದು 0.8 ಮಿ.ಮೀ. ಎತ್ತರ. ಬೋರ್ ಅದೇ, ಪಿನ್ ಅದೇ, ಆದರೆ ಬೇರೆ ಯಾವುದೋ ಗಾಡಿಗೆ ಮಾಡಿದ ಪಿಸ್ಟನ್!

ಅಂಗಡಿಯವನು ಕೊಟ್ಟ ಉಪಾಯ ಕೇಳಿ: "ಬ್ಲಾಕ್ ಕೆಳಗೆ ಇನ್ನೊಂದೆರಡು ಪ್ಯಾಕಿಂಗ್ ಹಾಕಿ ಬಿಡಿ." ಟೂ ಸ್ಟ್ರೋಕ್‌ನಲ್ಲಿ ಬ್ಲಾಕ್ ಎತ್ತುವುದು ಅಂದ್ರೆ ಅದರ ಗೋಡೆಯಲ್ಲಿ ಪೆಟ್ರೋಲ್ ಮಿಶ್ರಣ, ಹೊಗೆ ಓಡಾಡುವ ಕಿಂಡಿಗಳಾದ ಪೋರ್ಟುಗಳನ್ನೂ ಎತ್ತುವುದು. ಪೋರ್ಟ್ ತೆರೆಯುವ ಹೊತ್ತು ಆಚೀಚೆಯಾಗಿ ಗಾಡಿಯ ಗುಣವೇ ಬದಲಾಗುತ್ತೆ. ಪಿಸ್ಟನ್ ವಾಪಸ್ ಕೊಟ್ಟೆ, ಜಗಳವಾಡಿಯೇ. ಬೋರ್ ಹಾಕಿಸುವ ಮುಂಚೆಯೇ ಪಿಸ್ಟನ್ ಅಳೆದು ಒಪ್ಪಿಕೊಳ್ಳಬೇಕಿತ್ತು, ಅದು ನನ್ನ ತಪ್ಪು. ಲೇತ್‌ಗೆ ಬ್ಲಾಕ್ ಕೊಡುವಾಗ ಪಿಸ್ಟನ್ನನ್ನೂ ಕೊಡಿ, ಅದನ್ನ ನೋಡಿ ಅವರು ಕೊರೆಯುತ್ತಾರೆ.

ಜೋಡಿಸುವಾಗ ಪಿಸ್ಟನ್ ಮೇಲಿನ ಬಾಣ ಸೈಲೆನ್ಸರ್ ಕಡೆಗಿರಲಿ. ಪಿನ್ ಲಾಕ್, ಆಯಿಲ್ ಸೀಲ್, ಬೇರಿಂಗ್, ಪ್ಯಾಕಿಂಗ್ ಇವುಗಳಲ್ಲಿ ಬೆರಕೆ ಮಾತೇ ಇಲ್ಲ, ಎಲ್ಲ ಹೊಸದು. ಕ್ರ್ಯಾಂಕಿನ ಸೀಲ್ ಗಾಳಿ ಎಳೆದರೆ ಪೆಟ್ರೋಲ್ ಮಿಶ್ರಣ ತೆಳುವಾಗಿ ಹೊಸ ಪಿಸ್ಟನ್ ಒಂದೇ ದಿನದಲ್ಲಿ ಕಚ್ಚಿಕೊಂಡು ಸೀಜ್ ಆಗಬಹುದು. ತಾನೇ ಆಯಿಲ್ ಕೊಡುವ ಆಟೋಲ್ಯೂಬ್ ಪಂಪ್ ಕೆಲಸ ಮಾಡುತ್ತಿದ್ದರೂ ಮೊದಲ ಟ್ಯಾಂಕಿಗೆ ಲೀಟರಿಗೆ 20 ಮಿ.ಲೀ. 2ಟಿ ಆಯಿಲ್ ಬೆರೆಸಿದೆ. ಹೊಗೆ ಜಾಸ್ತಿ ಬಂತು, ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು.

ಕಾರ್ಬ್ಯುರೇಟರ್ ಅಥವಾ ಸೈಲೆನ್ಸರ್ ಬೇರೆ ಗಾಡಿಯದಾದರೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಪ್ಲಗ್ ಬಿಚ್ಚಿ ನೋಡಿ. ಕಾಫಿಪುಡಿ ಬಣ್ಣ ಇದ್ದರೆ ಸರಿ. ಬೆಳ್ಳಗಿದ್ದರೆ ಗಾಡಿ ಅಲ್ಲೇ ನಿಲ್ಲಿಸಿ, ಕಾರ್ಬ್ಯುರೇಟರಿಗೆ ದೊಡ್ಡ ಜೆಟ್ (ಪೆಟ್ರೋಲ್ ಹರಿಯುವ ಸಣ್ಣ ತೂತಿನ ಭಾಗ) ತರುವ ತನಕ ಓಡಿಸಬೇಡಿ, ಮನೆಗೆ ತಳ್ಳಿಕೊಂಡೇ ಬನ್ನಿ. ನಾನು ಎಪಿಎಂಸಿ ಗೇಟಿನಿಂದ ತಳ್ಳಿದ್ದೇನೆ, ಏನೂ ಅವಮಾನವಿಲ್ಲ.